ಅಂಡಮಾನಿಗೆ ಹೊರಟ ಬುತ್ತಿ

“ನನ್ನ ಗಂಡನ್ನ ಸಮುದ್ರಕ್ಕ ಕರಕೊಂಡು ಹೊಂಟೀಯಲ್ಲ, ಅವರಿಗೆ ಈಜು ಬರ್ತದೇನು ಅಂತ ಕೇಳಿದ್ಯೇನಬೇ ಯವ್ವಾ?” ಸಿಂಧನೂರಿನ ನಿರಾಶ್ರಿತರ ಕ್ಯಾಂಪಿನಲ್ಲಿ ಬಂಗಾಳಿ ಅಜ್ಜಿಯ ಅಂಗಳಕ್ಕೆ ಹೋಗಿ ನನ್ನ ಹೆಂಡತಿ ಜಗಳ ತೆಗೆದೇಬಿಟ್ಟಳು.

ಅಜ್ಜಿಯ ತಮ್ಮ ಅಂಡಮಾನಿನಲ್ಲಿದ್ದಾನೆ. ಅವನನ್ನು ನೋಡಲು ಹೊರಟ ಅಜ್ಜಿ, ಓದುಬರಹ ಬಲ್ಲವನೆಂದು ನನ್ನನ್ನು ಜೊತೆಗೆ ಕರೆದಿದ್ದಳು. ಮದ್ರಾಸಿನಿಂದ ಅಂಡಮಾನಿಗೆ ಹಡಗು, ಅಲ್ಲಿಂದ ದೋಣಿಯಲ್ಲಿ ತಮ್ಮನಿರುವ, ಸರ್ಕಾರ ಕಾಯ್ದಿಟ್ಟ ಕಾಡಿನ ದ್ವೀಪ! ದೊಡ್ಡವನಾದ ಮೇಲೆ ಅಕ್ಷರ ಕಲಿತ ನಾನು ನಕಾಶೆಯಲ್ಲಿ ಅದನ್ನು ಬೆರಳಿಟ್ಟು ಹುಡುಕಿದ್ದೆ. ಆದರೆ ಹೆಂಡತಿ ಒಪ್ಪದೆ ಹೋಗುವಂತಿರಲಿಲ್ಲ.

ಅಜ್ಜಿ ಸಿಟ್ಟಾಗಲಿಲ್ಲ. ತನ್ನ ಹರಕುಮುರುಕು ಕನ್ನಡದಲ್ಲಿ, “ನಾ ಗಂಡನ ಮನಿಗೆ ದೋಣ್ಯಾಗ ಬಂದೆ. ನೀ ಬಂಡ್ಯಾಗ ಬಂದಿ. ಎಲ್ಲಾ ಒಂದೇ. ನೀನೂ ಬಾ” ಎಂದಳು.

ಹೆಂಡತಿ ಅಂಗಳದಾಚೆಯ ಕಾಲುವೆಯ ನೀರಿನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಸಮುದ್ರದ ಗಾಳಿಗೆ ಖಡಕ್ ರೊಟ್ಟಿ ಮೆತ್ತಗಾಕ್ಕಾವೇನಬೇ?”

ಹಡಗಿಗೆ ಇನ್ನೂ ಹದಿನೈದು ದಿನವಿದೆ. ನಮ್ಮ ಮನೆಯಲ್ಲಿ ಈಗಲೇ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ಬುಟ್ಟಿಯಲ್ಲಿ ಏರುತ್ತಿರುವ ರೊಟ್ಟಿ ನಮ್ಮಿಬ್ಬರಿಗಷ್ಟೇ ಅಲ್ಲ, ಜೀವನವಿಡೀ ಅನ್ನವನ್ನೇ ಉಂಡ ಆ ಅಜ್ಜಿಗೂ ಸೇರಿ.