ಹೂಸ್ಟನ್ನಿನ ಗೋಡೆಯ ಮೇಲೊಂದು ಹಾಕಿ ಆಟ

ಹೊರಗೆ ಕಾರಿನ ಸ್ಟೀರಿಂಗ್ ಮುಟ್ಟಲಾಗದಂಥ ಬಿಸಿಲು. ಮ್ಯೂಸಿಯಂ ಒಳಗೆ ಕಾಲಿಟ್ಟರೆ, ಗೋಡೆಯ ಮೇಲೆ ಒಂದು ನದಿ ಹೆಪ್ಪುಗಟ್ಟಿ ನಿಂತಿತ್ತು. ಅದರ ಮೇಲೆ ಸೈನಿಕರು ಹಾಕಿ ಆಡುತ್ತಿದ್ದರು. ಕೆನಡಾದಿಂದ ಪ್ರದರ್ಶನಕ್ಕೆ ಬಂದ ಚಿತ್ರ, ಎರಡನೆಯ ಮಹಾಯುದ್ಧದ ಕಾಲದ್ದು. ಹಿಂದೆ ಬ್ಯಾರಕ್ಕುಗಳು. ಮುಂದೆ ಒಬ್ಬ, ಕೋಲು ಕೈಜಾರಿದರೂ ಮೈಯನ್ನೇ ಅಡ್ಡ ಹಾಕಿ ಗೋಲು ತಡೆಯುತ್ತಿದ್ದ. ಧಾರವಾಡದ ಕಾಲೇಜು ಮೈದಾನದ ಕೆಂಪು ಧೂಳಿನಲ್ಲಿ ನಾನೂ ಹಾಗೆ ಬಿದ್ದವಳು.

ಮಗಳ ಮನೆಗೆ ಹತ್ತಿರವಿರಲೆಂದು ನಾನೂ ನಮ್ಮ ಮನೆಯವರೂ ನಿವೃತ್ತಿಯ ನಂತರ ಹೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಗೆ ಬಂದೆವು. ಧಾರವಾಡದಲ್ಲಿ ಗೇಟಿನ ಬಳಿ ನಿಂತರೆ ಸಾಕು, ಓಣಿಯ ಸುದ್ದಿಯೆಲ್ಲ ತಾನೇ ಬರುತ್ತಿತ್ತು. ಇಲ್ಲಿ ಗ್ಯಾರೇಜಿನ ಬಾಗಿಲು ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಮನುಷ್ಯರ ಮುಖ ನೋಡಲೆಂದೇ ಡ್ರೈವ್ ಮಾಡಲು ಕಲಿತು ಮ್ಯೂಸಿಯಮ್ಮಿನಲ್ಲಿ ಡೋಸೆಂಟ್ ಆದೆ. ಡೋಸೆಂಟ್ ಎಂದರೆ, ಬಂದವರಿಗೆ ಚಿತ್ರಗಳನ್ನು ವಿವರಿಸುವ ಸ್ವಯಂಸೇವಕರು.

ನಮ್ಮ ತಂಡದ ಹಿರಿಯಳು ಲಿಂಡಾ ನಕ್ಕು ಹೇಳಿದಳು: "ನಿಮಗೆ ಭಾರತದ ಕಂಚಿನ ಮೂರ್ತಿಗಳ ಕೋಣೆ ಇಟ್ಟಿದ್ದೇನೆ. ನಿಮಗೆ ಅದೇ ಸಹಜ, ಅಲ್ವಾ?"

"ನಾನು ಮೂರ್ತಿ ಎರಕ ಹೊಯ್ದವಳಲ್ಲ, ಹಾಕಿ ಆಡಿದವಳು. ಆ ಚಿತ್ರ ಕೊಡಿ," ಎಂದೆ.

"ಐಸ್ ಮೇಲೆ ಯಾವತ್ತಾದರೂ ನಿಂತಿದ್ದೀರಾ?"

ನಿಂತಿರಲಿಲ್ಲ. ಆ ವಾರವೇ ಒಂದು ಮಾಲಿನೊಳಗಿನ ಐಸ್ ಅಂಗಳಕ್ಕೆ ಹೋಗಿ ಬಾಡಿಗೆಯ ಸ್ಕೇಟು ಕಟ್ಟಿಕೊಂಡೆ.

"ಈ ವಯಸ್ಸಿನ್ಯಾಗ ಎಲುಬು ಮುರ್ಕೋಬೇಕಂತ ಮಾಡೀಯೇನು?" ಎಂದರು ಕಟ್ಟೆಯಾಚೆ ನಿಂತಿದ್ದ ನಮ್ಮ ಮನೆಯವರು. ಅವರು ಎಲುಬಿನ ಡಾಕ್ಟರು.

"ಮುರದ್ರ ಕೂಡಸ್ಲಿಕ್ಕೆ ನೀವಿದ್ದೀರಲ್ರಿ!"

ಎದ್ದೆ, ಬಿದ್ದೆ, ಮತ್ತೆ ಎದ್ದೆ. ನೆಲ ಕಾಲನ್ನು ಹಿಡಿದುಕೊಳ್ಳುತ್ತದೆ, ಐಸ್ ಹಿಡಿಯುವುದಿಲ್ಲ. ಇದು ಪುಸ್ತಕ ಓದಿ ತಿಳಿಯುವಂಥದ್ದಲ್ಲ. ಸೊಂಟದ ನೋವು ಇಳಿಯುವ ಮೊದಲೇ ಲಿಂಡಾಳ ಎದುರು ಹೋಗಿ, "ಈಗ ನಿಂತಿದ್ದೇನೆ. ಬಿದ್ದೂ ಆಯಿತು," ಎಂದೆ. ಅವಳು ಆ ಚಿತ್ರವನ್ನೂ ಶನಿವಾರದ ಪ್ರೇಕ್ಷಕರ ಗುಂಪನ್ನೂ ನನಗೆ ಬಿಟ್ಟುಕೊಟ್ಟಳು.

ಶನಿವಾರ ಗುಂಪನ್ನು ಚಿತ್ರದೆದುರು ನಿಲ್ಲಿಸಿದೆ. "ಇವರೆಲ್ಲ ಯುದ್ಧಕ್ಕೆ ಹೊರಡಲಿರುವವರು. ಆದರೆ ಈ ಕ್ಷಣ ಅವರಿಗೆ ಚೆಂಡಿನದೊಂದೇ ಚಿಂತೆ," ಎಂದೆ.

"ಚೆಂಡಲ್ಲ, ಪಕ್," ಎಂದು ಹಿಂದಿನಿಂದ ಒಬ್ಬರು ತಿದ್ದಿದರು. ಐಸ್ ಹಾಕಿಯಲ್ಲಿ ಹೊಡೆಯುವುದು ಚಪ್ಪಟೆ ರಬ್ಬರಿನ ಬಿಲ್ಲೆ. ಅದರ ಹೆಸರೇ ಪಕ್. ಕೆಲವರು ನಕ್ಕರು.

"ಪಕ್," ಎಂದೆ ನಾನೂ. "ನಮ್ಮೂರಲ್ಲಿ ಚೆಂಡು. ಮೊಣಕಾಲಿಗೆ ಬಿದ್ದರೆ ನೋವು ಒಂದೇ."

ಈ ಸಲದ ನಗು ಬೇರೆ ಥರದ್ದು. ಎಲ್ಲರೂ ಹೋದ ಮೇಲೆ ಒಬ್ಬ ಮುದುಕಿ ಹತ್ತಿರ ಬಂದು, ತಾನು ಕೆನಡಾದವಳೆಂದೂ ತನ್ನ ತಂದೆ ಇಂಥದೇ ಬ್ಯಾರಕ್ಕಿನಿಂದ ಯುದ್ಧಕ್ಕೆ ಹೋದರೆಂದೂ ಹೇಳಿದಳು. "ನೀವು ತಂಡದಲ್ಲಿ ಯಾವ ಸ್ಥಾನದಲ್ಲಿ ಆಡುತ್ತಿದ್ದಿರಿ?" ಎಂದು ಕೇಳಿದಳು. ಟೆಕ್ಸಾಸಿನಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಫುಲ್ ಬ್ಯಾಕ್. ಗೋಲಿನ ಮುಂದೆ ಕಾವಲು," ಎಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಮರುದಿನ ಕನ್ನಡದವರ ಊಟದ ಕೂಟದಲ್ಲಿ ಮೈಸೂರಿನ ಸುಧಾ ಬಿಸಿಬೇಳೆಬಾತು ಬಡಿಸುತ್ತ ಕೇಳಿದಳು: "ಯಾರದೋ ಚಿತ್ರಕ್ಕೆ ಇಷ್ಟೆಲ್ಲ ಒದ್ದಾಡಿದ್ರಾ ಆಂಟಿ? ನಮ್ಮವರ ಬಗ್ಗೆ ಹೇಳ್ಬಹುದಿತ್ತಲ್ಲ?"

"ನಮ್ಮವರ ಬಗ್ಗೆನೇ ಹೇಳೀನಿ," ಎಂದೆ.

ಯಾವ ನಮ್ಮವರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ಮೈ ಅಡ್ಡ ಹಾಕಿ ಗೋಲು ಕಾದವರೆಲ್ಲ ನಮ್ಮವರೇ ಎನ್ನುತ್ತಿದ್ದೆ. ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.