ಹಾಳಮಣ್ಣು ಹೊಲಕ್ಕೆ ಬಂದ ದಿನ

ಉಮರ್ಗಾದಲ್ಲಿ ಬಸ್ಸು ಬದಲಿಸಿದಾಗ ಬೆಳಗಿನ ಒಂಬತ್ತಾಗಿತ್ತು. ನಿಲ್ದಾಣದಲ್ಲಿ ಚಹಾ ಕುಡಿದು, ಮಿರ್ಚಿ ಭಜಿ ತಿಂದು, ಸಾಸ್ತೂರದ ಕಡೆಯ ಬಸ್ಸು ಹತ್ತಿದೆ. ರಸ್ತೆಯ ಎರಡೂ ಕಡೆ ಉತ್ತ ಕರಿಹೊಲ. ಈ ಸೀಮೆಯ ಊರುಗಳನ್ನು ಕೆಡವಿದ ಭೂಕಂಪವಾಗಿ ಕೆಲವು ವರ್ಷ ಕಳೆದಿದ್ದವು. ಅದಾದ ನಸುಕಿನಲ್ಲಿ ಬೀದರಿನ ನಮ್ಮ ಮನೆಯೂ ಅಲುಗಿತ್ತು, ಅಷ್ಟೇ. ಇಲ್ಲಿ ಹೊಸ ಊರುಗಳ ಮನೆಗಳು ಒಂದೇ ಅಳತೆಯಲ್ಲಿ ಸಾಲಾಗಿ ನಿಂತಿದ್ದವು. ಹಳೆಯ ಊರುಗಳಿದ್ದಲ್ಲಿ ಜಾಲಿ ಬೆಳೆದಿತ್ತು.

ಸಾಸ್ತೂರಕ್ಕಿಂತ ಮುಂಚೆ ಒಂದು ಸಣ್ಣ ಹಳ್ಳಿಯ ತಿರುವಿನಲ್ಲಿ ಇಳಿದೆ. ಅಲ್ಲಿ ಒಂದು ಸೇವಾ ಸಂಸ್ಥೆ ಸಾವಯವ ಬೇಸಾಯ ಕಲಿಸುತ್ತದೆ. ಅದನ್ನು ನೋಡಲೆಂದೇ ಬಂದಿದ್ದೆ. ಲಾಭದ ಮಾತಿಲ್ಲ. ಕಲಿಯಲು ಬಂದ ರೈತರು ಹೊಲದಲ್ಲಿ ದುಡಿಯುತ್ತಾರೆ, ಬೆಳೆದ ಬೀಜ ಹಂಚಿಕೊಂಡು ಹೋಗುತ್ತಾರೆ. ನಡೆಸುವವರು ಶಿವಲಿಂಗಪ್ಪ, ಅದೇ ಊರಿನ ಒಕ್ಕಲು ಮನೆತನದವರು. "ಬರ್ರಿ, ಇವತ್ತ ಪಾಠ ಹಳೀ ಊರಾಗ ಅದ" ಎಂದು ನನ್ನ ಚೀಲ ತೆಗೆದುಕೊಂಡರು.

ದಾರಿಯಲ್ಲಿ ವಿಷಯ ಹೇಳಿದರು. ಬಿದ್ದ ಮನೆಗಳ ಗೋಡೆಮಣ್ಣಿಗೆ ಹಾಳಮಣ್ಣು ಎನ್ನುತ್ತಾರೆ. ತಲೆಮಾರುಗಳಿಂದ ಒಲೆಯ ಬೂದಿ, ದನದ ಗಂಜಲ ಕುಡಿದ ಮಣ್ಣು. ಹೊಲಕ್ಕೆ ಅಂಥ ಗೊಬ್ಬರವಿಲ್ಲ. ಹಿಂದಿನವರೂ ಹಾಳೂರುಗಳಿಂದ ಹೇರಿ ತರುತ್ತಿದ್ದರು. ಆದರೆ ಈ ಹಾಳೂರಿನಲ್ಲಿ ಬಾಳಿದವರು ಇನ್ನೂ ಇದ್ದಾರೆ. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಗೋಡೆಮಣ್ಣು ಕೊಟ್ಟಿದ್ದರು. ನೀಲಮ್ಮ ಎಂಬಾಕೆ ಮಾತ್ರ ಎರಡು ಬೇಸಿಗೆ ಬೇಡವೆಂದಿದ್ದರು. ಭೂಕಂಪದಲ್ಲಿ ಅವರ ಮಗಳು ಆ ಮನೆಯ ಗೋಡೆಯ ಕೆಳಗೇ ತೀರಿಕೊಂಡಿದ್ದಳು. ಈ ಸಲ ತಾವಾಗಿಯೇ ಒಪ್ಪಿದ್ದರು, ಒಂದು ಷರತ್ತಿನ ಮೇಲೆ: ಪ್ರತಿ ಬುಟ್ಟಿಯೂ ಅವರ ಕೈ ದಾಟಿ ಹೋಗಬೇಕು, ಅವರು ಸಾಕೆಂದರೆ ಅಲ್ಲಿಗೇ ನಿಲ್ಲಬೇಕು.

ನಾವು ಹೋದಾಗ ಆಕೆ ಕಲ್ಲಿನ ಮೇಲೆ ಜರಡಿ ಹಿಡಿದು ಕೂತಿದ್ದರು. ನಾಲ್ವರು ಅಗೆಯುತ್ತಿದ್ದರು. ನೀಲಮ್ಮ ಪ್ರತಿ ಬುಟ್ಟಿಯ ಮಣ್ಣನ್ನು ಜರಡಿಗೆ ಸುರಿದುಕೊಂಡು, ಹೆಂಟೆಗಳನ್ನು ಬೆರಳಲ್ಲಿ ಒಡೆದು ನೋಡಿ, ಆಮೇಲೆ ಗಾಡಿಯ ಕಡೆ ಕೈ ತೋರಿಸುತ್ತಿದ್ದರು. ಮಧ್ಯಾಹ್ನವಾದರೂ ಗಾಡಿ ಅರ್ಧ ತುಂಬಿರಲಿಲ್ಲ. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು.

"ಕಾಕೂ, ಮಳಿ ಬರ್ತದ" ಎಂದರು ಶಿವಲಿಂಗಪ್ಪ.

"ಬರ್ಲಿ. ಮಳಿಗೇನ ನೀ ಚಿಟ್ಠಿ ಬರದು ಕರದೀ, ಗೊಬ್ಬರ ಮಾಸ್ತರ?"

ಅಗೆಯುವವರು ನಕ್ಕರು. ಶಿವಲಿಂಗಪ್ಪನವರೂ ನಕ್ಕು ಸಲಿಕೆ ಹಿಡಿದರು.

"ಏನ ಹುಡುಕ್ಲಿಕತ್ತೀರಿ, ಅವ್ವಾ?" ನಾನು ಕೇಳಿದೆ.

"ಏನೂ ಇಲ್ಲ. ನೋಡ್ಲಾರದ ಹ್ಯಾಂಗ ಚೆಲ್ಲಲಿ?"

ಬೇವಿನ ನೆರಳಲ್ಲಿ ಜೋಳದ ರೊಟ್ಟಿ, ಹಸಿಮೆಣಸು ಕುಟ್ಟಿದ ಠೇಚಾ, ಮಜ್ಜಿಗೆ ಊಟವಾಯಿತು. ಊಟದ ಮೇಲಿನ ಮೂರನೆಯ ಬುಟ್ಟಿಯಲ್ಲಿ ಬಾಚಣಿಗೆಯ ತುಂಡೊಂದು ಬಂತು. ನೀಲಮ್ಮ ಅದನ್ನು ಸೆರಗಿನಿಂದ ಉಜ್ಜಿ ಬಹಳ ಹೊತ್ತು ನೋಡಿದರು. ಅಗೆತ ನಿಂತಿತು. ಇನ್ನು ಮುಗಿಯಿತು ಎಂದುಕೊಂಡು ಶಿವಲಿಂಗಪ್ಪ ಗಾಡಿ ಹೂಡಲೆಂದು, ಕಟ್ಟಿದ್ದ ಎತ್ತು ಬಿಚ್ಚಲು ಎದ್ದರು.

ನೀಲಮ್ಮ ತುಂಡನ್ನು ಸೆರಗಿಗೆ ಗಂಟು ಹಾಕಿಕೊಂಡರು. "ಎತ್ತ ಯಾಕ ಬಿಚ್ಚತೀ? ಇನ್ನ ಅರ್ಧಾ ಗೋಡಿ ಅದ."

ಸಂಜೆ ಮಣ್ಣು ಸಂಸ್ಥೆಯ ಹೊಲ ಸೇರಿತು. ಹರಡುವಾಗ ನೀಲಮ್ಮ ಬದುವಿನ ಮೇಲೆಯೇ ನಿಂತಿದ್ದರು.

ಮರುದಿನ ನಾನು ನಿಲಂಗಾಕ್ಕೆ ಹೋಗಿ, ಅಲ್ಲಿಂದ ಉದಗೀರ ತಲುಪಿ, ಬೀದರಿನ ರೈಲು ಹಿಡಿಯಬೇಕಿತ್ತು. ರಸ್ತೆಗೆ ಹತ್ತಿರದ ದಾರಿ ಆ ಹೊಲದ ಮೂಲಕವೇ. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನಲ್ಲಿ ನಿಂತುಬಿಟ್ಟೆ. ನೀಲಮ್ಮ ಆಗಲೇ ಬಂದು ಹೊಲದ ಅಂಚಿನಲ್ಲಿ ಹರಳುಕಲ್ಲು ಆರಿಸುತ್ತಿದ್ದರು.

"ಯಾಕ ನಿಂತ್ರಿ ಪಾವಣೇರ? ಬಸ್ ಹೋಗ್ತದ."

"ಇದರ ಮ್ಯಾಲ ಕಾಲಿಡ್ಲಿಕ್ಕ ಮನಸ ಬರವಲ್ದವ್ವಾ."

ಆಕೆ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದರು. "ನಿನ್ನಿ ತನಕಾ ಮನಿ ಇತ್ತು. ಇವತ್ತ ಹೊಲ. ತುಳೀಲಾರದ ಬಿತ್ತತಾರೇನ್ರೀ? ನಡೀರಿ."

ತಾವೇ ಮುಂದೆ ನಡೆದರು. ನಾನು ಹಿಂದೆ ನಡೆದೆ. ಮಣ್ಣು ಮೆತ್ತಗಿತ್ತು, ಹಿಮ್ಮಡಿ ಹೂಳುತ್ತಿತ್ತು.

ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಕಲಿಯಲು ಬಂದವರು ನನ್ನ ಹಾಗೆಯೇ ಬದುವಿನ ಮೇಲೆ ನಿಂತಿದ್ದರು. ಹೊಲದ ನಡುವೆ ನಿಂತ ನೀಲಮ್ಮ ಕೈಬೀಸಿ ಅವರನ್ನು ಒಳಗೆ ಕರೆಯುತ್ತಿದ್ದರು.