ಕೊಳ್ಳದೆ ನೋಡಿದ ಸೀರೆಗಳು

ಅರಸೀಕೆರೆಯವರಾಗಿದ್ದೂ ನಾವು ಹಳೇಬೀಡು ನೋಡಿದ್ದು ನಾನು ಕಾಲೇಜು ಸೇರಿದ ಮೇಲೆ, ಎಂಬತ್ತರ ದಶಕದ ಆರಂಭದಲ್ಲಿ. ಹೋದದ್ದು ನಾನು, ಅಮ್ಮ, ಇಬ್ಬರೇ. ದೇವಸ್ಥಾನ ಸುತ್ತಿ ಮುಗಿಯುವಷ್ಟರಲ್ಲಿ ಅಮ್ಮನಿಗೆ ಕಾಲುನೋವು, ನನಗೆ ಅಮ್ಮನ ಮೇಲೆ ಸಿಟ್ಟು. ಊರಿಗೆ ವಾಪಸಾಗುವ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕೈಯಲ್ಲಿ ಉಳಿದದ್ದು ಬಸ್ ಚಾರ್ಜು ಮಾತ್ರ.

ಬಸ್ಸು ನಿಲ್ಲುವ ಕಡೆ ಶಾಪಿಂಗ್ ಸೆಂಟರ್ ಎಂದು ಬೋರ್ಡು ಹಾಕಿಕೊಂಡ ಮಳಿಗೆಗಳ ಸಾಲೊಂದಿತ್ತು. ಪ್ರವಾಸಿಗರು ಮುಗಿಬೀಳುತ್ತಾರೆಂದು ಕಟ್ಟಿಸಿದ್ದಂತೆ. ಪ್ರವಾಸಿಗರೋ, ದೇವಸ್ಥಾನದ ಮುಂದೆ ಇಳಿದು, ಅಲ್ಲೇ ಹತ್ತಿ, ಬೇಲೂರಿಗೆ ಹೊರಟುಬಿಡುತ್ತಿದ್ದರು. ಹೆಚ್ಚಿನ ಅಂಗಡಿಗಳಿಗೆ ಬೀಗ ಬಿದ್ದಿತ್ತು. ಒಂದರ ಮುಂದೆ ಯಾರೋ ರಾಗಿ ಹರವಿದ್ದರು. "ಇದನ್ನೂ ನೋಡ್ಕೊಂಡೇ ಹೋಗೋಣ ಬಾರೇ," ಎಂದಳು ಅಮ್ಮ, ಇದೂ ಒಂದು ದೇವಸ್ಥಾನ ಎನ್ನುವ ಹಾಗೆ.

ತೆರೆದಿದ್ದ ಒಂದೇ ಒಂದು ಬಟ್ಟೆ ಅಂಗಡಿಯಲ್ಲಿ ವಯಸ್ಸಾದ ಜೈನರೊಬ್ಬರು ಕುಳಿತಿದ್ದರು. ನಮ್ಮನ್ನು ಕಂಡವರೇ ಎದ್ದು ಚಾಪೆ ಕೊಡವಿ ಹಾಸಿದರು. ಅಮ್ಮ ಕೂತಳು. ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಂಡವು.

ಅಂಗಡಿಯ ಹಿಂದೆಯೇ ಮನೆ. ಒಳಗಿಂದ ಅವರ ಹೆಂಡತಿ, "ಊಟಕ್ಕೆ ಏಳ್ರೀ, ಹೊತ್ತು ಇಳೀತಾ ಐತೆ," ಎಂದು ಕೂಗಿದರು. "ಬಂದೆ," ಎಂದು ಇವರು ಇನ್ನೊಂದು ಸೀರೆ ಎಳೆದರು. ಸ್ವಲ್ಪ ಹೊತ್ತಿಗೆ ಆಕೆಯೇ ಬಾಗಿಲಿಗೆ ಬಂದರು.

"ಹೊತ್ತು ಮುಳುಗಿದ್ರೆ ನಾಳೆ ಬೆಳಗ್ಗೆವರೆಗೂ ನೀವು ಉಣ್ಣಂಗಿಲ್ಲ. ಮಧ್ಯಾಹ್ನಾನೂ ಸರಿಯಾಗಿ ಉಣ್ಣಲಿಲ್ಲ."

"ಗಿರಾಕಿ ಮುಂದೆ ಏನಿದು?" ಎಂದು ಅವರು ಮೆಲ್ಲಗೆ ಗದರಿದರು.

ಆಗಲೇ ಎದ್ದುಬಿಡಬೇಕಿತ್ತು. ಆದರೆ ಅಷ್ಟೊಂದು ಸೀರೆ ಬಿಚ್ಚಿಸಿ ಬರಿಗೈಯಲ್ಲಿ ಏಳುವುದಕ್ಕೆ ಅಮ್ಮನಿಗೆ ಮರ್ಯಾದೆ ಅಡ್ಡ ಬಂತು. ಒಂದು ಕುಂಟುನೆಪಕ್ಕೆ ಹುಡುಕಾಡಿದಳು. ಅಂಚು ದೊಡ್ಡದಾಯಿತು ಎಂದಳು. ಅವರು ಸಣ್ಣ ಅಂಚಿನದು ತೆಗೆದರು. ಬಣ್ಣ ಗಾಢವಾಯಿತು ಎಂದಳು. ತಿಳಿ ಬಣ್ಣದ್ದಕ್ಕಾಗಿ ಸ್ಟೂಲು ಹತ್ತಿದರು. ನಮ್ಮ ಸುಳ್ಳು ನೆಪಗಳನ್ನೆಲ್ಲ ಆ ಮನುಷ್ಯ ನಿಜವೆಂದೇ ನಂಬಿ ಪರಿಹರಿಸುತ್ತಿದ್ದರು. ನಾನು ಅಮ್ಮನ ತೊಡೆ ಚಿವುಟಿದೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗೂ ಬರಲಿಲ್ಲ. ಹೊರಗೆ ಬೆಳಕು ಹೋಯಿತು. ಅವರು ಎದ್ದು ಲೈಟು ಹಾಕಿದರು. ಒಳಗಿಂದ ಮತ್ತೆ ಕೂಗು ಬರಲಿಲ್ಲ.

ಬಸ್ಸಿನ ಹಾರನ್ ಕೇಳಿದ್ದೇ ಅಮ್ಮ ಎದ್ದಳು. "ಈ ತಿಳಿಹಸಿರು ಎತ್ತಿಟ್ಟಿರಿ, ಮುಂದಿನ ವಾರ ಬಂದು ತಗೋತೀವಿ." ಅವರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ಅಂಗಡಿ ಇಟ್ಟು ಮುದುಕರಾದವರಿಗೆ ಆ ಮಾತೇನೂ ಹೊಸದಲ್ಲ. "ಆಗಲಿ ತಾಯಿ," ಎಂದರು.

ಅಷ್ಟರಲ್ಲಿ ಆಕೆ ಮತ್ತೆ ಬಾಗಿಲಿಗೆ ಬಂದರು. "ವ್ಯಾಪಾರ ಆಯ್ತಾ?"

ಅವರು ಸೀರೆ ಮಡಿಸುತ್ತ, ತಲೆ ಎತ್ತದೆ, "ಹೂಂ, ಆಯ್ತು," ಎಂದರು.

ಆಕೆಯ ಮುಖ ಅರಳಿತು. "ಸದ್ಯ! ಎಷ್ಟು ದಿನ ಆಗಿತ್ತೋ. ಇರ್ರವ್ವಾ, ಹಂಗೇ ಹೋಗಬಾರದು," ಎಂದು ಒಳಗೋಡಿ ಕುಂಕುಮದ ಬಟ್ಟಲು ತಂದರು. ಬಸ್ಸು ಹಾರನ್ ಮಾಡುತ್ತಲೇ ಇತ್ತು. ಅಮ್ಮ ಕಣ್ಣು ಮುಚ್ಚಿ ಹಣೆ ಒಡ್ಡಿದಳು. ನನಗೂ ಇಟ್ಟರು. "ನಿಮ್ಮ ಕಾಲ್ಗುಣ ಒಳ್ಳೇದು ಕಣ್ರವ್ವಾ," ಎಂದರು.

ಅರಸೀಕೆರೆ ಬರುವವರೆಗೂ ನಾವು ಒಬ್ಬರ ಹಣೆಯನ್ನೊಬ್ಬರು ನೋಡಲಿಲ್ಲ.